ಹದಿನಾರು ಭಾನುವಾರದ ತರಕಾರಿ

ಪೂರ್ವಿಬೇನ್ ತೋಟದ ಚಳಿಗಾಲದ ತರಕಾರಿ ಬುಟ್ಟಿಗೆ ಹೆಸರು ಬರೆಸಲು ಬರುವವರು ಮೊದಲು ಕೇಳುವುದು, ಔಷಧಿ ಹೊಡೆಯುತ್ತೀರಾ ಇಲ್ಲವಾ ಎಂದು. ಸದಾಶಿವ ಅದನ್ನು ಕೇಳಲಿಲ್ಲ. ಬದನೆ ಸಾಲಿನ ಪಕ್ಕದಲ್ಲಿ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತು, "ನೀವು ಬೆಳೆಯುವುದರಲ್ಲಿ ಎಲ್ಲಕ್ಕಿಂತ ಜಾಸ್ತಿ ವಾಸನೆ ಯಾವುದಕ್ಕೆ?" ಎಂದ.

ಪೂರ್ವಿಬೇನ್ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಐವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ವಡೋದರಾದಿಂದ ಪಾದ್ರಾ ರಸ್ತೆಯ ಧೂಳು ತಿನ್ನುತ್ತಾ ಸ್ಕೂಟರಿನಲ್ಲಿ ಬಂದಿದ್ದ.

"ಹೂವಿನ ತೋಟ ಅಂದುಕೊಂಡು ಬಂದಿರಾ ಭಾಯಿ?"

"ಅಲ್ಲ, ತರಕಾರಿಯೇ ಬೇಕು. ಸೊಪ್ಪು, ಗಡ್ಡೆ, ಯಾವುದಾದರೂ ಆಗಬಹುದು. ವಾಸನೆ ಇರಬೇಕು."

ಮೂವತ್ತು ವರ್ಷ ವಡೋದರಾದಲ್ಲಿ ಕಳೆದವನಿಗೆ ಗುಜರಾತಿ ಮಾತು ನೀರು ಕುಡಿದಷ್ಟು ಸುಲಭ. ಆದರೆ ತನಗೆ ಬೇಕಾದದ್ದನ್ನು ಯಾವ ಭಾಷೆಯಲ್ಲಿ ಹೇಳಿಕೊಳ್ಳುವುದೆಂದು ಅವನಿಗೆ ತಿಳಿಯಲಿಲ್ಲ. ವಡೋದರಾದಲ್ಲಿ ಹೋಟೆಲ್ ಇಟ್ಟುಕೊಂಡಿದ್ದೇನೆ ಎಂದಷ್ಟೇ ಹೇಳಿದ. ಪೂರ್ವಿಬೇನ್ ತನ್ನ ಕ್ರಮ ವಿವರಿಸಿದಳು. ನವೆಂಬರ್ ಮಧ್ಯದಿಂದ ಹದಿನಾರು ಭಾನುವಾರ, ವಾರಕ್ಕೊಂದು ಬುಟ್ಟಿ. ಬೆಳಗ್ಗೆ ಕಿತ್ತದ್ದು ಎಂಟು ಗಂಟೆಯ ಹೊತ್ತಿಗೆ ವಡೋದರಾದ ಗೋತ್ರಿಯ ಒಂದು ಮನೆಯ ಅಂಗಳಕ್ಕೆ ಬರುತ್ತದೆ, ಅಲ್ಲಿಂದ ಒಯ್ಯಬೇಕು. ಇಂಥದ್ದೇ ಬೇಕು ಎನ್ನುವ ಹಾಗಿಲ್ಲ. ನೆಲ ಏನು ಕೊಡುತ್ತದೋ ಅದು. ಮಳೆ ಬಂದು ಹಾಳಾದರೆ ಬುಟ್ಟಿ ಸಣ್ಣದಾಗುತ್ತದೆ, ಅದಕ್ಕೂ ಒಪ್ಪಬೇಕು. ಇಷ್ಟೆಲ್ಲ ಹೇಳಿ ಕೊನೆಗೆ, "ಆದರೆ ಈ ಸಲ ನಲವತ್ತು ಮನೆ ತುಂಬಿಹೋಗಿದೆ. ಮುಂದಿನ ಋತುವಿಗೆ ಬನ್ನಿ," ಎಂದಳು.

ಸದಾಶಿವ ಹೋಗಲಿಲ್ಲ. ಅವಳು ಬದನೆಗೆ ನೀರು ಬಿಟ್ಟು, ಆಳುಗಳ ಜೊತೆ ಕೂತು ರೊಟ್ಟಿ ತಿಂದು, ಕೈ ತೊಳೆದು ಬಂದಾಗಲೂ ಅಲ್ಲೇ ನಿಂತಿದ್ದ.

"ನಿಮ್ಮದು ಹೋಟೆಲ್ ಅಂದಿರಿ. ಸಗಟು ಮಾರುಕಟ್ಟೆಯಿಂದ ದಿನಾ ಮೂಟೆಗಟ್ಟಲೆ ತರಕಾರಿ ತರುವವರಿಗೆ ನನ್ನ ಒಂದು ಬುಟ್ಟಿ ಯಾಕೆ?"

"ಮನೆಗೆ," ಎಂದ ಅವನು. "ದಯವಿಟ್ಟು."

ಆ 'ದಯವಿಟ್ಟು' ಎಂಬ ಮಾತು ಅವಳಿಗೆ ಇರಿಸುಮುರಿಸು ಉಂಟುಮಾಡಿತು. ತರಕಾರಿಗೆ ಯಾರೂ ಹಾಗೆ ಬೇಡುವುದಿಲ್ಲ. ಫೋನ್ ನಂಬರು ಬರೆದುಕೊಂಡು ಕಳಿಸಿದಳು. ಒಂದು ವಾರದ ಮೇಲೆ ಸದಸ್ಯರ ಪೈಕಿ ಒಂದು ಮನೆಯವರಿಗೆ ಸೂರತ್ತಿಗೆ ವರ್ಗವಾಗಿ, ಅಡಾಜಣ್‌ನಲ್ಲಿ ಫ್ಲ್ಯಾಟು ಸಿಕ್ಕಿ ಹೊರಟುಹೋದರು. ಅವರ ಜಾಗಕ್ಕೆ ಸದಾಶಿವನ ಹೆಸರು ಬಂತು.

ಸದಾಶಿವ ದೇವಾಡಿಗ ಬೈಂದೂರಿನ ಕಡೆಯವನು. ಹತ್ತೊಂಬತ್ತನೇ ವಯಸ್ಸಿಗೆ ಮಾವನ ಹೋಟೆಲಿನಲ್ಲಿ ಲೋಟ ತೊಳೆಯಲು ವಡೋದರಾಕ್ಕೆ ಬಂದು, ಒಲೆಯ ಬುಡಕ್ಕೆ ಬಡ್ತಿ ಪಡೆದು, ಈಗ ಗೋತ್ರಿ ರಸ್ತೆಯಲ್ಲಿ ಹನ್ನೆರಡು ಮೇಜಿನ ಸ್ವಂತ ತಿಂಡಿ ಹೋಟೆಲ್ ಇಟ್ಟುಕೊಂಡಿದ್ದ. ಭಾನುವಾರ ಬೆಳಗ್ಗೆ ಕೊಯಾಲಿ ರಿಫೈನರಿ ಟೌನ್‌ಶಿಪ್ಪಿನಿಂದ ಕಾರು ಮಾಡಿಕೊಂಡು ಇಡ್ಲಿ ಸಾಂಬಾರಿಗೆ ಬರುವವರಿದ್ದರು. ಹೋಟೆಲ್ ನಿಂತದ್ದು ಅವನ ಮೂಗಿನ ಮೇಲೆ. ಗಲ್ಲಾದಲ್ಲಿ ಕೂತೇ, "ಪ್ರವೀಣಾ, ಎರಡ್ನೇ ಒಲೆ ಕಾಣ್, ಒಗ್ಗರಣೆ ಕರಟ್ತ್," ಎಂದು ಕೂಗುತ್ತಿದ್ದ. ಒಳಗೆ ಅಡುಗೆಯ ಪ್ರವೀಣ ಬೆಚ್ಚಿ ಬಾಣಲೆ ಇಳಿಸುತ್ತಿದ್ದ. ಹಿಟ್ಟು ಹುಳಿ ಬಂದದ್ದು ಸಾಕೋ, ಕಾಯಿ ಹಳತೋ, ಹುರಿದ ಕೊತ್ತಂಬರಿ ಬೀಜಕ್ಕೆ ಇನ್ನೊಂದು ನಿಮಿಷ ಬೇಕೋ, ಎಲ್ಲ ಅವನಿಗೆ ಹತ್ತು ಮಾರು ದೂರದಿಂದ ತಿಳಿಯುತ್ತಿತ್ತು.

ಜುಲೈಯಲ್ಲಿ ನಾಲ್ಕು ದಿನ ಜ್ವರ ಬಂತು. ಐದನೇ ದಿನ ಎದ್ದು ಕಾಫಿ ಕುಡಿದರೆ ಬಿಸಿ ಇದೆ, ಸಿಹಿ ಇದೆ, ಕಾಫಿ ಇಲ್ಲ. ಶೀತ ಇಳಿದ ಮೇಲೆ ಸರಿಹೋದೀತು ಎಂದುಕೊಂಡ. ಶೀತ ಇಳಿಯಿತು. ಮೂರು ವಾರ ಕಳೆಯಿತು. ಹಿಂಗಿನ ಡಬ್ಬಿಯೊಳಗೆ ಮೂಗಿಟ್ಟು ಎಳೆದರೂ ಖಾಲಿ ಡಬ್ಬಿ ಮೂಸಿದಂತೆ.

ಕಿವಿ ಮೂಗು ಗಂಟಲಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಜ್ವರ ನರಕ್ಕೆ ಪೆಟ್ಟು ಕೊಟ್ಟಿದೆ. ವಾಪಸು ಬರಬಹುದು. ಬಾರದೆಯೂ ಇರಬಹುದು," ಎಂದರು. ಔಷಧಿ ಎಂದು ಹೇಳುವಂಥದ್ದೇನೂ ಇಲ್ಲ. ದಿನಕ್ಕೆರಡು ಸಲ ಬೇರೆ ಬೇರೆ ವಾಸನೆಯ ನಾಲ್ಕು ವಸ್ತುಗಳನ್ನು ಒಂದೊಂದಾಗಿ ಮೂಸಬೇಕು. ಮೂಸುವಾಗ ಅದರ ವಾಸನೆ ಹೇಗಿತ್ತೆಂದು ಮನಸ್ಸಿನಲ್ಲಿ ನೆನೆಯಬೇಕು. ತಿಂಗಳುಗಟ್ಟಲೆ ಬಿಡದೆ ಮಾಡಬೇಕು.

ಲವಂಗ, ನಿಂಬೆ, ಕಾಫಿಪುಡಿ, ಏಲಕ್ಕಿ. ಎರಡು ತಿಂಗಳು ಮೂಸಿದ. ಏನೂ ಬರಲಿಲ್ಲ. ಎರಡನೇ ತಿಂಗಳ ಕೊನೆಗೆ ನೆನಪೂ ಕೈಕೊಡಲು ಶುರುವಾಯಿತು. ಏಲಕ್ಕಿಯ ವಾಸನೆ ಹೇಗಿತ್ತು ಎಂದು ಯೋಚಿಸಿದರೆ ಏಲಕ್ಕಿಯ ಬಣ್ಣ ಕಣ್ಣಿಗೆ ಬರುತ್ತಿತ್ತು. ಅವನು ನಿಜವಾಗಿ ಹೆದರಿದ್ದು ಆಗ.

ವಿಷಯ ಗೊತ್ತಿದ್ದದ್ದು ಹೆಂಡತಿ ಕಮಲಾಕ್ಷಿಗೆ ಮಾತ್ರ. ಕಾಲೇಜಿಗೆ ಹೋಗುವ ಮಗಳು ಕೃಪಾಳಿಗೂ ಹೇಳಿರಲಿಲ್ಲ. ಕಮಲಾಕ್ಷಿ ಹಿಟ್ಟು ರುಬ್ಬುವ ಕೆಲಸ ಬಿಟ್ಟು, ಏನಾದರೊಂದು ನೆವ ಮಾಡಿಕೊಂಡು ಒಲೆಯ ಹತ್ತಿರ ಬಂದು, ಒಂದು ಚಮಚ ಬಾಯಿಗೆ ಹಾಕಿ, ಕೆಳದನಿಯಲ್ಲಿ ಹೇಳುತ್ತಿದ್ದಳು. "ಹಿಂಗ್ ಇನ್ನೊಂದ್ ಚಿಟಿಕೆ. ಬೆಲ್ಲ ಸಾಕ್." ಅವನು ತನಗೇ ಹೊಳೆದಂತೆ ಹಾಕುತ್ತಿದ್ದ.

ದೀಪಾವಳಿಗೆ ವಾರವಿದ್ದಾಗ, ಮಧ್ಯಾಹ್ನದ ಊಟದ ಗಲಾಟೆ ಮುಗಿದು ಹುಡುಗರೆಲ್ಲ ಹೊರಗೆ ಹೋಗಿದ್ದ ಹೊತ್ತು. ಸಂಜೆಯ ವಡೆಗೆ ಎಣ್ಣೆ ಇಡೋಣವೆಂದು ಸದಾಶಿವ ಒಬ್ಬನೇ ಅಡುಗೆಮನೆಗೆ ಹೋದ. ಲೈಟರ್ ಕೈಗೆತ್ತಿಕೊಂಡ.

"ಹೋಯ್! ಒತ್ಬೇಡಿ! ಒತ್ಬೇಡಿ ಅಂದೆ!"

ಬಾಗಿಲಲ್ಲಿ ಕಮಲಾಕ್ಷಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. ಓಡಿ ಬಂದು ಲೈಟರನ್ನು ಅವನ ಕೈಯಿಂದ ಕಿತ್ತು, ಕಿಟಕಿ ತೆರೆದು, ಸಿಲಿಂಡರಿನ ಕಿವಿ ತಿರುಗಿಸಿದಳು. ಕೊಳವೆ ಬಿರುಕು ಬಿಟ್ಟು ಒಳಗೆಲ್ಲ ಗ್ಯಾಸು ತುಂಬಿತ್ತು. ಅವನು ಅದರ ನಡುವೆ ನಿಂತು ಉಸಿರಾಡುತ್ತಿದ್ದ, ಗೊತ್ತೇ ಆಗಿರಲಿಲ್ಲ.

ಇಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಕುಳಿತರು. ಅವಳು ಲೈಟರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಇನ್ನ್ ಮುಚ್ಚಿಡುಕೆ ಆಪುದಿಲ್ಲೆ. ಪ್ರವೀಣಂಗಾದ್ರೂ ಹೇಳುವ."

"ಬ್ಯಾಡ."

"ಎಂತಕೆ ಬ್ಯಾಡ? ನೀವ್ ಸತ್ರೆ ಹೋಟ್ಲ್ ಇರ್ತಾ?"

"ಅಡಿಗಿಯವ್ನಿಗೆ ಮೂಗ್ ಇಲ್ಲೆ ಅಂತ ಗೊತ್ತಾದ್ರೆ ಯಾರ್ ಬತ್ರ್ ಕಮಲ? ನಂಗೆ ಬೇರೆ ಎಂತ ಗೊತ್ತಿತ್ತ್ ಹೇಳ್?"

ಕಮಲಾಕ್ಷಿ ಎದ್ದು ಹೊಸ ಕೊಳವೆ ತರಿಸಲು ಹೋದಳು.

ಬುಟ್ಟಿಯ ವಿಷಯ ತಂದವಳು ಕೃಪಾ. ಗೆಳತಿಯ ಮನೆಗೆ ಹೋದ ಚಳಿಗಾಲ ಬರುತ್ತಿತ್ತಂತೆ. "ಪಪ್ಪಾ, ಅವರು ಸಂಡೇ ಬೆಳಗ್ಗೆ ಕಿತ್ತು ಟೂ ಅವರ್ಸಲ್ಲಿ ತರ್ತಾರೆ. ಕೊತ್ತಂಬರಿ ಅಷ್ಟು ಸ್ಟ್ರಾಂಗ್ ಇರುತ್ತೆ, ಪೂರಾ ಘರ್ ಮೆ ಸ್ಮೆಲ್ ಬರುತ್ತೆ," ಎಂದು ಊಟದ ಹೊತ್ತಿಗೆ ಸುಮ್ಮನೆ ಹೇಳಿದಳು. ಸದಾಶಿವನ ಕೈ ತಟ್ಟೆಯಲ್ಲೇ ನಿಂತಿತು. ಡಬ್ಬಿಯಲ್ಲಿಟ್ಟ ಒಣ ಲವಂಗ ಮೂಸಿ ಏನು ಬಂತು? ಮಾರುಕಟ್ಟೆಯ ಸೊಪ್ಪಾದರೂ ಎರಡು ದಿನದ ಹಿಂದೆ ಕಿತ್ತು, ನೀರಿನಲ್ಲಿ ಅದ್ದಿ, ಗೋಣಿಯಲ್ಲಿ ತುಂಬಿ ಬಂದದ್ದು. ಜೀವ ಇರುವಾಗಲೇ ಮೂಸಿದರೆ? ಅದು ತರ್ಕವಾಗಿರಲಿಲ್ಲ. ಮುಳುಗುವವನು ಕೈ ಚಾಚುವ ರೀತಿಯಾಗಿತ್ತು. ಮರುದಿನವೇ ಪಾದ್ರಾಕ್ಕೆ ಸ್ಕೂಟರು ಹತ್ತಿದ್ದ.

ಮೊದಲ ಭಾನುವಾರದ ಬುಟ್ಟಿಯಲ್ಲಿ ಮೂಲಂಗಿ, ಮೆಂತ್ಯ ಸೊಪ್ಪು, ಎಳೆ ಬದನೆ, ಒಂದು ದೊಡ್ಡ ಕಟ್ಟು ಸಬ್ಬಸಿಗೆ, ಬೇರಿನ ಮಣ್ಣು ಆರದ ಕೊತ್ತಂಬರಿ ಇದ್ದವು. ಅವನು ಬುಟ್ಟಿಯನ್ನು ಮನೆಯ ಸಾಮಾನಿನ ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡ. ಅಕ್ಕಿ ಮೂಟೆಯ ಮೇಲೆ ಕೂತು, ಕಣ್ಣು ಮುಚ್ಚಿ, ಒಂದೊಂದನ್ನೇ ಮೂಗಿಗೆ ಹಿಡಿದು ಹೆಸರು ಹೇಳಿದ. ಕೊತ್ತಂಬರಿ. ಎಲೆ ಹೊಸಕಿದ. ಕೊತ್ತಂಬರಿ, ಕೊತ್ತಂಬರಿ. ಬೆರಳು ಒದ್ದೆಯಾಯಿತು, ಅಷ್ಟೇ.

ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲವೆಂದು ಕಮಲಾಕ್ಷಿ ಬಾಗಿಲು ಸರಿಸಿ ನೋಡಿದಳು. ಗಂಡ ಸಬ್ಬಸಿಗೆಯ ಕಟ್ಟಿನೊಳಗೆ ಮುಖವಿಟ್ಟು ಬಗ್ಗಿದ್ದ. ಬೆನ್ನು ಕುಲುಕುತ್ತಿತ್ತು. ಕೋಣೆಯೆಲ್ಲ ಸಬ್ಬಸಿಗೆಯ ಘಾಟು ತುಂಬಿ ಅವಳಿಗೆ ಸೀನು ಬರುವಂತಾಗಿತ್ತು. ಅವಳು ಸದ್ದಾಗದಂತೆ ಬಾಗಿಲು ಎಳೆದುಕೊಂಡಳು.

ನವೆಂಬರ್ ಕೊನೆಗೆ ಅಕಾಲದ ಮಳೆ ಎರಡು ದಿನ ಬಿಡದೆ ಹೊಡೆಯಿತು. ಮೂರನೇ ಬುಟ್ಟಿಯಲ್ಲಿ ನಾಲ್ಕು ಮೂಲಂಗಿ, ಒಂದು ಸೋರೆಕಾಯಿ. ಸದಾಶಿವ ಪೂರ್ವಿಬೇನ್‌ಗೆ ಫೋನು ಮಾಡಿದ.

"ಸಬ್ಬಸಿಗೆ ಇಲ್ಲವಾ?"

"ಸೊಪ್ಪೆಲ್ಲ ನೆಲಕ್ಕೆ ಮಲಗಿ ಕೊಳೆತುಹೋಯಿತು ಭಾಯಿ. ಮತ್ತೆ ಬಿತ್ತಿದ್ದೇನೆ."

"ಒಂದು ಹಿಡಿಯಾದರೂ? ನಾನೇ ಬಂದು ಹುಡುಕಿ ಕಿತ್ತುಕೊಳ್ಳುತ್ತೇನೆ."

"ಇಲ್ಲದ್ದನ್ನು ಎಲ್ಲಿಂದ ಕೀಳುತ್ತೀರಿ?" ಎಂದ ಅವಳ ದನಿಯಲ್ಲಿ ದಣಿವಿತ್ತು.

ಡಿಸೆಂಬರಿನ ಕೊನೆಯ ಭಾನುವಾರ ವಡೋದರಾದ ಕನ್ನಡ ಮನೆಗಳು ಸೇರಿ ಊಟ ಇಟ್ಟುಕೊಂಡಿದ್ದವು. ಬ್ಯಾಂಕು, ರೈಲ್ವೆ, ವಿಮೆ ಎಂದು ವರ್ಗವಾಗಿ ಬಂದ ಸಂಸಾರಗಳು. ಬೆಳಗಾವಿ ಕಡೆಯ ಭರತೇಶ್ ಎಂಬ ಬ್ಯಾಂಕ್ ಮ್ಯಾನೇಜರು ಅಡುಗೆಯನ್ನು ಸದಾಶಿವನಿಗೇ ಒಪ್ಪಿಸಿದ್ದರು. ಇನ್ನೂರು ಎಲೆ. ಭಾನುವಾರವಾದ್ದರಿಂದ ಹೋಟೆಲು ನೋಡಿಕೊಳ್ಳಲು ಕಮಲಾಕ್ಷಿ ಮತ್ತು ಪ್ರವೀಣ ಉಳಿಯಲೇಬೇಕಾಯಿತು. ಬಡಿಸಲು ಇಬ್ಬರನ್ನು ಕರೆದುಕೊಂಡು, ಅಡುಗೆಗೆ ಸದಾಶಿವ ಒಬ್ಬನೇ ಹೋದ. ಉಪ್ಪು ಹುಳಿ ಖಾರ ನಾಲಗೆಗೆ ತಿಳಿಯುತ್ತದೆ, ಉಳಿದದ್ದಕ್ಕೆ ಮೂವತ್ತು ವರ್ಷದ ಕೈ ಇದೆ ಎಂದು ಧೈರ್ಯ ತಂದುಕೊಂಡಿದ್ದ.

ಕುಂಬಳಕಾಯಿ ಹುಳಿ ದೊಡ್ಡ ಹಂಡೆಯಲ್ಲಿ ಕುದಿಯುತ್ತಿತ್ತು. ಅವನು ಪಕ್ಕದಲ್ಲೇ ನಿಂತು ಪಾಯಸಕ್ಕೆ ಬೆಲ್ಲ ಕರಗಿಸುತ್ತಿದ್ದ. ತಳದಲ್ಲಿ ಬೇಳೆ ಹಿಡಿಯಿತು. ಮೂಗಿದ್ದವನು ಆಗಲೇ ಒಲೆ ಆರಿಸಿ, ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿ ಉಳಿಸಿಕೊಳ್ಳುತ್ತಿದ್ದ. ಸದಾಶಿವ ಉದ್ದನೆಯ ಸಟ್ಟುಗ ತೆಗೆದುಕೊಂಡು ತಳದಿಂದ ಚೆನ್ನಾಗಿ ಮಗುಚಿದ. ಸೀದದ್ದೆಲ್ಲ ಹಂಡೆ ತುಂಬಾ ಹರಡಿತು. ಚಮಚದಲ್ಲಿ ತೆಗೆದು ನಾಲಗೆಗೆ ಹಾಕಿದ. ಉಪ್ಪು ಸರಿ, ಹುಳಿ ಸರಿ. ಬಡಿಸಲು ಹೇಳಿದ.

ಅವನು ಬಾಗಿಲಲ್ಲಿ ನಿಂತು ಪಂಕ್ತಿ ನೋಡುತ್ತಿದ್ದ. ಮೊದಲ ತುತ್ತಿಗೆ ಮಾತು ನಿಂತಿತು. ಒಬ್ಬ ಹೆಂಗಸು ಪಕ್ಕದವಳ ಮುಖ ನೋಡಿದಳು. ಒಂದು ಮಗು ಗಟ್ಟಿಯಾಗಿ, "ಮಮ್ಮಿ, ಛೀ, ಇದು ನಂಗೆ ಬೇಡ," ಎಂದಿತು. ತಾಯಿ ಅದರ ಬಾಯಿ ಮುಚ್ಚಿದಳು. ಇನ್ನೂರು ಜನ ಹುಳಿಯನ್ನು ಎಲೆಯ ತುದಿಗೆ ಸರಿಸಿ, ಮೊಸರಿಗೆ ಕಾದು ಕುಳಿತರು. ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಪಾತ್ರೆ ತುಂಬುವಾಗ ಭರತೇಶ್ ಹತ್ತಿರ ಬಂದರು. "ಇರ್ಲಿ ಬಿಡ್ರಿ ಸದಾಶಿವ್ ಅವರ. ಒಮ್ಮೊಮ್ಮೆ ಆಗ್ತದ."

"ಏನಾಯ್ತು ಸರ್?" ಎಂದ ಸದಾಶಿವ. ಅವನಿಗೆ ಆಗಲೂ ಸರಿಯಾಗಿ ತಿಳಿದಿರಲಿಲ್ಲ. ಭರತೇಶ್ ಅವನ ಮುಖವನ್ನೇ ನೋಡಿದರು. ಸೀದ ವಾಸನೆ ಇಡೀ ಸಭಾಂಗಣದಲ್ಲಿ ಕವಿದಿತ್ತು. "ಏನಿಲ್ರಿ," ಎಂದು ಭುಜ ಮುಟ್ಟಿ ಹೋದರು.

ಆ ಮೇಲಿನ ಎರಡು ವಾರ ಅವನು ಹೋಟೆಲಿಗೆ ಹೋಗಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಲವಂಗ ಮೂಸುವುದನ್ನು ಬಿಟ್ಟ. ಕೃಪಾ ಬಂದು, "ಪಪ್ಪಾ, ವಾಟ್ ಹ್ಯಾಪನ್ಡ್?" ಎಂದು ಮೂರು ಸಲ ಕೇಳಿ, ಉತ್ತರ ಸಿಗದೆ ಅತ್ತು ಹೋದಳು. ಕಮಲಾಕ್ಷಿ ಅವಳಿಗೆ ಎಲ್ಲವನ್ನೂ ಹೇಳಿದಳು. ಒಂದು ಮಧ್ಯಾಹ್ನ ಅವನು ಮಲಗಿದಲ್ಲಿಂದಲೇ, "ಬಾಗ್ಲ್ ಹಾಕುವ ಕಮಲ. ಹೋಟ್ಲ್ ಯಾರಿಗಾದ್ರೂ ಕೊಟ್ಟ್ ಬಿಡುವ," ಎಂದ.

"ಕೊಟ್ಟ್ ಎಂತ ಮಾಡುದ್?"

"ಗೊತ್ತಿಲ್ಲೆ."

"ಊಟ ಮಾಡಿ ಏಳಿ ಮೊದ್ಲ್."

"ಊಟ," ಎಂದು ಅವನು ನಕ್ಕ. ಆ ನಗೆ ಕೇಳಿ ಅವಳಿಗೆ ಭಯವಾಯಿತು. ಅವನಿಗೆ ಅನ್ನವೂ ಕಾಗದವೂ ಒಂದೇ ಆಗಿ ಆರು ತಿಂಗಳಾಗಿತ್ತು.

ಸಂಕ್ರಾಂತಿಯ ಉತ್ತರಾಯಣ ಹಬ್ಬಕ್ಕೆ ಮೊದಲಿನ ಭಾನುವಾರ ಬಂತು. ಬೀದಿಯಲ್ಲಿ ಗಾಳಿಪಟದ ದಾರಕ್ಕೆ ಗಾಜಿನ ಪುಡಿ ಹಚ್ಚುತ್ತಿದ್ದರು. ಕೃಪಾ ಹೋಗಿ ಬುಟ್ಟಿ ತಂದು, ಅಪ್ಪ ಎದ್ದಾನೋ ಎಂಬ ಆಸೆಯಿಂದ ಮಂಚದ ಪಕ್ಕದಲ್ಲೇ ಇಟ್ಟು ಹೋದಳು. ಗಡ್ಡೆ, ಕಾಳು ಸೇರಿಸಿ ಬೇಯಿಸುವ ಹಬ್ಬದ ಊಂಧಿಯುಗೆಂದು ಪೂರ್ವಿಬೇನ್ ಈ ಸಲ ತುಂಬ ಕಳಿಸಿದ್ದಳು. ನೇರಳೆ ಬಣ್ಣದ ಗೆಣಸು, ಅವರೆಯಂಥ ಪಾಪಡಿ, ಮೇಲೆ ಹಸಿರು ಬೆಳ್ಳುಳ್ಳಿಯ ದಪ್ಪ ಕಟ್ಟು.

ಸದಾಶಿವ ಬುಟ್ಟಿಯನ್ನು ಅತ್ತ ತಳ್ಳಲು ಕೈ ಹಾಕಿದ. ಬೆಳ್ಳುಳ್ಳಿ ಎಲೆ ಮುರಿಯಿತು. ಅದೇ ಕ್ಷಣ ಅವನು ಹಿಂದಕ್ಕೆ ಜಿಗಿದು ಗೋಡೆಗೆ ತಲೆ ಹೊಡೆದುಕೊಂಡ.

ನಾತ. ಸುಟ್ಟ ರಬ್ಬರು, ಕೊಳೆತ ಮೀನು, ಚರಂಡಿ ಎಲ್ಲ ಒಟ್ಟಿಗೆ ಸೇರಿದಂಥ ನಾತ. ಅವನ ಮೊದಲ ಯೋಚನೆ, ಕೊಳೆತದ್ದನ್ನು ಕಳಿಸಿದ್ದಾಳೆ ಎಂಬುದು. ತಿಂಗಳುಗಟ್ಟಲೆ ಒಳಗೆ ತುಂಬಿಕೊಂಡಿದ್ದ ಸಿಟ್ಟೆಲ್ಲ ಆ ಬುಟ್ಟಿಯ ಮೇಲೆ ತಿರುಗಿತು. ನಾಲ್ಕು ಮೂಲಂಗಿ ಕಳಿಸಿದಳು, ಸುಮ್ಮನಿದ್ದೆ. ಈಗ ಇದು! ಬುಟ್ಟಿಯನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಹೊರಟ. ದಾರಿಯುದ್ದಕ್ಕೂ ಮುಖ ಒಂದು ಕಡೆಗೆ ತಿರುಗಿಸಿಕೊಂಡೇ ಓಡಿಸಿದ. ಎರಡು ಸಲ ನಿಲ್ಲಿಸಿ ಓಕರಿಸಿದ.

ಪೂರ್ವಿಬೇನ್ ಪಂಪಿನ ಮನೆಯ ಬಳಿ ಖಾಲಿ ಬುಟ್ಟಿಗಳನ್ನು ತೊಳೆಯುತ್ತಿದ್ದಳು. ಸದಾಶಿವ ಬುಟ್ಟಿಯನ್ನು ಅವಳ ಕಾಲ ಬಳಿ ಎಸೆದ. ಗೆಣಸು ಉರುಳಿತು.

"ಜನರನ್ನು ಏನೆಂದುಕೊಂಡಿದ್ದೀರಿ? ಹಬ್ಬಕ್ಕೆ ಕೊಳೆತದ್ದು ತಿನ್ನಬೇಕಾ ನಾವು? ಈ ಹೊಲಸನ್ನು ಯಾವ ಬಾಯಿಂದ ತಾಜಾ ಅನ್ನುತ್ತೀರಿ?"

ಕಳೆ ಕೀಳುತ್ತಿದ್ದ ಹೆಂಗಸರು ತಲೆ ಎತ್ತಿದರು. ಪೂರ್ವಿಬೇನ್ ಬೆಳ್ಳುಳ್ಳಿಯ ಕಟ್ಟನ್ನು ಎತ್ತಿಕೊಂಡಳು. ಮೂಸಿದಳು. ಬಿಳಿಯ ಬುಡವನ್ನು ಕಚ್ಚಿ ಅಗಿದಳು.

"ಇವತ್ತು ಬೆಳಗ್ಗೆ ನಾನೇ ಕೈಯಾರೆ ಕಿತ್ತದ್ದು. ಎಲ್ಲಿ ಕೊಳೆತಿದೆ, ತೋರಿಸಿ."

"ಹತ್ತಿರ ತರಬೇಡಿ!" ಅವನು ತೋಳಿನಿಂದ ಮೂಗು ಮುಚ್ಚಿಕೊಂಡ. "ಆ ನಾತ ನಿಮಗೆ ಬರುವುದಿಲ್ಲವಾ?"

"ಬೆಳ್ಳುಳ್ಳಿ ವಾಸನೆ ಬರುತ್ತಿದೆ."

ಸದಾಶಿವ ತನ್ನ ಕೈಯನ್ನು ನಿಧಾನಕ್ಕೆ ಮೂಗಿನ ಹತ್ತಿರ ತಂದ. ಅದೇ ನಾತ. ಬೆರಳಿಗೆ, ಉಗುರಿಗೆ. ಕೈಯನ್ನು ದೂರ ಹಿಡಿದ. ನಾತ ಹೋಯಿತು. ಹತ್ತಿರ ತಂದ. ಬಂತು.

ಅವನು ಬರಿಗಾಲಲ್ಲಿ ಕೆಸರಿನಲ್ಲೇ ಕುಳಿತುಬಿಟ್ಟ.

"ನನಗೆ ವಾಸನೆ ಬರುತ್ತಿದೆ," ಎಂದ.

"ಅದಕ್ಕೆ ಇಷ್ಟು ಕೂಗಾಡಬೇಕಾ?"

ಆಗ ಅವನು ಹೇಳಿದ. ಹೆಂಡತಿಯ ಹೊರತು ಯಾರ ಹತ್ತಿರವೂ ಹೇಳದ್ದನ್ನೆಲ್ಲ, ಜ್ವರದಿಂದ ಹಿಡಿದು ಸೀದ ಹುಳಿಯವರೆಗೆ, ಒಂದೆರಡು ಸಲ ನೋಡಿದ ಪರಿಚಯವಷ್ಟೇ ಇದ್ದ ಹೆಂಗಸಿನ ಮುಂದೆ ಹೇಳಿದ. ನಡುನಡುವೆ ಬೆರಳು ಮೂಸಿ ಮುಖ ಕಿವುಚುತ್ತಿದ್ದ. ಅಳುತ್ತಲೂ ಇದ್ದ. ಪೂರ್ವಿಬೇನ್ ತೊಳೆಯುತ್ತಿದ್ದ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತು ಕೇಳಿದಳು.

"ನೀವು ಹೆಸರು ತೆಗೆಸಲು ಬಂದಿರಿ ಅಂದುಕೊಂಡೆ," ಎಂದಳು ಕೊನೆಗೆ. "ಮಳೆ ಆದ ಮೇಲೆ ಹನ್ನೊಂದು ಮನೆಯವರು ಬಿಟ್ಟರು. ಎಲ್ಲರೂ ಬಲು ನಯವಾಗಿ ಮಾತಾಡಿ ಹೋದರು. ಬೈದವರು ನೀವೊಬ್ಬರೇ." ಉರುಳಿದ ಗೆಣಸನ್ನು ಬುಟ್ಟಿಗೆ ಹಾಕುತ್ತಾ, "ಬರುವ ವರ್ಷ ಮಾಡುತ್ತೇನೋ ಇಲ್ಲವೋ ಗೊತ್ತಿಲ್ಲ," ಎಂದಳು.

ಅವನು ಎದ್ದು, "ಉಳಿದದ್ದನ್ನೂ ಮೂಸಲಾ?" ಎಂದು ಕೇಳಿದ.

ಸಾಲಿನಿಂದ ಸಾಲಿಗೆ ಹೋದ. ಮರುಬಿತ್ತನೆಯ ಕೊತ್ತಂಬರಿ, ಅದೇ ನಾತ. ಸಬ್ಬಸಿಗೆ, ಅದೇ. ಈರುಳ್ಳಿ ಇನ್ನೂ ಭಯಂಕರ. ಮೆಂತ್ಯ, ಏನೂ ಇಲ್ಲ. ಹಸಿ ಅರಿಶಿನವನ್ನು ಅಗೆದು ಕೊಟ್ಟಳು, ಏನೂ ಇಲ್ಲ. ಪಂಪಿನ ಮನೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡು, ಬಾಯಿ ತೊಳೆದು, ಮತ್ತೆ ಬಂದು ಮುಂದಿನ ಸಾಲಿನಲ್ಲಿ ಬಗ್ಗಿದ.

"ಸಾಕು ಬಿಡಿ ಭಾಯಿ, ಸಾಯುತ್ತೀರಿ."

"ಇನ್ನೊಂದು ಸಾಲು," ಎಂದ.

ಹೋಟೆಲಿಗೆ ಹೋದಾಗ ಊಟದ ಹೊತ್ತು. ಕಮಲಾಕ್ಷಿ ಗಲ್ಲಾದಲ್ಲಿದ್ದಳು. ಕೆಸರು ಕಾಲಿನಲ್ಲಿ ಬಂದ ಗಂಡನನ್ನು ನೋಡಿ ಎದ್ದು ನಿಂತಳು.

"ಕಮಲ, ನಾತ ಬತ್ತಾ ಇತ್ತ್! ಎಲ್ಲದ್ಕೂ ನಾತ! ಎಂಥಾ ನಾತ ಅಂದ್ರೆ, ತಡುಕೆ ಆಪುದಿಲ್ಲೆ!"

ಅವನಿಗೆ ತಲೆ ಕೆಟ್ಟಿತೆಂದೇ ಅವಳು ಒಂದು ಕ್ಷಣ ನಂಬಿದಳು. ಆಮೇಲೆ ಅರ್ಥವಾಗಿ ಕುರ್ಚಿಯ ಮೇಲೆ ಕುಸಿದು, ಗಿರಾಕಿಗಳ ಎದುರಿಗೇ ಅತ್ತಳು.

ಡಾಕ್ಟರು ಇದು ಒಳ್ಳೆಯ ಸೂಚನೆ ಎಂದರು. ಪೆಟ್ಟು ತಿಂದ ನರ ಮತ್ತೆ ಬೆಳೆಯುವಾಗ ಹೀಗೆ ತಪ್ಪು ತಪ್ಪಾಗಿ ಕೂಡಿಕೊಳ್ಳುವುದುಂಟು. ವರ್ಷ ಹಿಡಿದೀತು. ಪೂರ್ತಿ ಮೊದಲಿನಂತಾಗುತ್ತದೆ ಎಂದು ಹೇಳಲಾರೆ ಎಂದರು.

ಆ ಒಂದು ದಿನದ ಸಂತೋಷ ಅಲ್ಲಿಗೇ ಮುಗಿಯಿತು. ಏನೂ ಬಾರದ ಆರು ತಿಂಗಳಿಗಿಂತ ಎಲ್ಲವೂ ನಾರುವ ದಿನಗಳು ಕಷ್ಟವಾದವು. ಕಾಫಿ ಚರಂಡಿಯಾಯಿತು. ಈರುಳ್ಳಿ ಹುರಿದರೆ ಹೆಣ ಸುಟ್ಟಂತೆ. ಅಡುಗೆಮನೆಯ ಹೊಸ್ತಿಲು ದಾಟಿದರೆ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬರುತ್ತಿತ್ತು. ತಣ್ಣನೆಯ ಮೊಸರನ್ನ, ಬಾಳೆಹಣ್ಣು ಬಿಟ್ಟು ಬೇರೇನೂ ಒಳಗಿಳಿಯುತ್ತಿರಲಿಲ್ಲ. ಅಂಗಿ ಮೈಮೇಲೆ ಜೋಲತೊಡಗಿತು. ಇನ್ನು ಮುಚ್ಚಿಡಲು ಸಾಧ್ಯವೇ ಇರಲಿಲ್ಲ.

ಜನವರಿಯ ಕೊನೆಯ ವಾರ ಒಂದು ಮಧ್ಯಾಹ್ನ ಮೂರು ಗಂಟೆಗೆ, ಅರ್ಧ ಶಟರ್ ಎಳೆಸಿ, ಕೆಲಸದ ಆರೂ ಜನರನ್ನು ಎದುರಿಗೆ ಕೂರಿಸಿಕೊಂಡ. ಹೇಳಲು ಶುರುಮಾಡಿದ. ಎರಡನೇ ಮಾತಿಗೆ ಪ್ರವೀಣ ತಲೆ ತಗ್ಗಿಸಿ, "ಅಣ್ಣ, ನಮ್ಗೆ ಗ್ಯಾಸ್ ಲೀಕ್ ಆದಲ್ಲಿಂದ ಗೊತ್ತಿತ್ತ್," ಎಂದ.

"ಎಂತ ಗೊತ್ತಿತ್ತ್?"

"ಅಕ್ಕ ಚಮಚ ಹಿಡ್ಕಂಡ್ ದಿನಕ್ಕೆ ಎಂಟ್ ಸಲ ಒಳ್ಗೆ ಬಪ್ಪುದ್ ಕಂಡ್ರೆ ಯಾರಿಗಾದ್ರೂ ಗೊತ್ತಾತ್ ಅಲ್ದಾ?"

"ಮತ್ತೆ ಹೇಳ್ಲಿಲ್ಲೆ ಎಂತಕೆ?"

"ನೀವೇ ಹೇಳ್ತ್ರಿ ಅಂದ್ಕಂಡಿದ್ದೆ."

ಸದಾಶಿವನಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ತಾನು ಅಡಗಿಸಿಟ್ಟುಕೊಂಡು ಒದ್ದಾಡಿದ್ದನ್ನು ಆರು ಜನ ನೋಡಿಯೂ ನೋಡದವರಂತೆ, ತನ್ನ ಮಾನ ಕಾಯಲು ಸುಮ್ಮನಿದ್ದರು. ಮರುದಿನ ಬ್ಯಾಂಕಿಗೆ ಹೋಗಿ ಭರತೇಶ್ ಅವರಿಗೂ ಹೇಳಿ ಕೈ ಮುಗಿದು ಬಂದ.

ಒಲೆಯ ಬುಡ ಕಮಲಾಕ್ಷಿಯದಾಯಿತು. ಅವಳ ಸಾಂಬಾರು ಅವನದ್ದಕ್ಕಿಂತ ತೆಳು, ಬೆಲ್ಲ ಕಡಿಮೆ. ಕೊಯಾಲಿಯ ಕೆಲವು ಕಾರು ಬರುವುದು ನಿಂತಿತು. ಕೆಲವರಿಗೆ ಬದಲಾದದ್ದೇ ತಿಳಿಯಲಿಲ್ಲ. ಸದಾಶಿವ ಗಲ್ಲಾವನ್ನು ಬಾಗಿಲಿನ ಹತ್ತಿರಕ್ಕೆ ಸರಿಸಿ, ಬೀದಿಯ ಗಾಳಿಗೆ ಮುಖ ಕೊಟ್ಟು ಕೂರತೊಡಗಿದ. ಒಳಗಿನಿಂದ ಒಗ್ಗರಣೆ ಸಿಡಿಯುವ ಸದ್ದಾದಾಗಲೆಲ್ಲ ಉಸಿರು ಹಿಡಿಯುತ್ತಿದ್ದ.

ಉಳಿದ ಭಾನುವಾರಗಳ ಬುಟ್ಟಿಯನ್ನು ಅವನೇ ಹೋಗಿ ತಂದ. ಮನೆಯ ಹೊರಗೆ ಮೆಟ್ಟಿಲ ಮೇಲೆ ಕೂತು ಒಂದೊಂದನ್ನೇ ಮೂಸುತ್ತಿದ್ದ. ನಾತ, ನಾತ, ಏನಿಲ್ಲ, ನಾತ. ಮಾರ್ಚ್ ಮೊದಲ ವಾರಕ್ಕೆ ಹದಿನಾರೂ ಮುಗಿದವು. ಪೂರ್ವಿಬೇನ್ ಬೇಸಿಗೆಯ ಬುಟ್ಟಿಗೆ ಕರೆದಾಗ ಬಂದ ಹೆಸರು ಇಪ್ಪತ್ತೆರಡು ಮಾತ್ರ. ಅದರಲ್ಲಿ ಅವನದೂ ಇತ್ತು.

"ಆ ನಾತ ಸಾಕಾಯ್ಲಿಲ್ಯಾ ನಿಮ್ಗೆ?" ಎಂದಳು ಕಮಲಾಕ್ಷಿ.

"ಸಾಕಾಯ್ತ್. ಆದ್ರೂ ಬರ್ಸಿದೆ," ಎಂದ.

ಏಪ್ರಿಲ್ ಕೊನೆಯ ಭಾನುವಾರ ಬಿಸಿಲು ನಲವತ್ತೆರಡು ದಾಟಿತ್ತು. ಬುಟ್ಟಿಯಲ್ಲಿ ಎಳೆ ಸೌತೆಕಾಯಿ ಇದ್ದವು. ಮನೆಗೆ ಒಯ್ಯಲು ಪುರುಸೊತ್ತಾಗದೆ ಗಲ್ಲಾದ ಪಕ್ಕದಲ್ಲಿಟ್ಟುಕೊಂಡಿದ್ದ. ಬಾಯಾರಿಕೆಗೆಂದು ಒಂದನ್ನು ಸೀಳಿದ. ಬಾಯಿಗಿಡುವ ಮೊದಲು ಕೈ ನಿಂತಿತು. ನಾತ ಬರಲಿಲ್ಲ. ಏನೂ ಇಲ್ಲದೆಯೂ ಇರಲಿಲ್ಲ. ತೀರ ತೆಳುವಾಗಿ, ತಣ್ಣಗೆ, ಸೌತೆಕಾಯಿಯದೇ ವಾಸನೆ.

ಅವನು ನಂಬಲಿಲ್ಲ. ಇನ್ನೊಂದನ್ನು ಸೀಳಿದ. ಅದೂ ಹಾಗೆಯೇ. ಮೂರನೆಯದು.

"ಕಮಲ, ಒಂಚೂರ್ ಬಾ ಇಲ್ಲಿ!"

"ಊಟದ ರಶ್ಶ್ ಇತ್ತ್! ಎಂತ ಇದ್ರೂ ಮತ್ತೆ!"

ಅವಳು ಕೈ ಒರೆಸಿಕೊಳ್ಳುತ್ತಾ ಹೊರಗೆ ಬರುವ ಹೊತ್ತಿಗೆ ಮೇಜಿನ ಮೇಲೆ ಎಂಟು ಸೌತೆಕಾಯಿ ಸೀಳಿ ಬಿದ್ದಿದ್ದವು. ಅವನು ಒಂದು ಈರುಳ್ಳಿಯನ್ನೂ ಮುರಿದು ನೋಡಿ, ಮುಖ ತಿರುಗಿಸಿ ಬೀದಿಗೆ ಎಸೆದಿದ್ದ.

"ಇಷ್ಟೆಲ್ಲ ಕೊಯ್ದದ್ದ್ ಎಂತಕೆ? ಯಾರ್ ತಿಂಬುದ್?"

ಸದಾಶಿವ ಒಂದು ಹೋಳಿಗೆ ಉಪ್ಪು ಸವರಿ ಅವಳ ಕೈಗೆ ಕೊಟ್ಟ. ಇನ್ನೊಂದನ್ನು ತಾನು ಹಿಡಿದುಕೊಂಡು, ತಿನ್ನದೆ, ಮೂಗಿನ ಹತ್ತಿರವೇ ಇಟ್ಟುಕೊಂಡು ಕುಳಿತ.